ತಂಗಿಯ ಊರಿನ ದೂರ

ಫೋನಿನಲ್ಲಿ ತಂಗಿಯ ಬಾಯಿ ತಪ್ಪಿದ್ದು ಒಂದೇ ಸಲ. "ಇವ್ರಿಗೆ ಚಳಿ ತಡಿಯಲ್ಲ ಕಣೇ ಅಕ್ಕ, ದಪ್ಪ ಸ್ವೆಟರ್ ಇಟ್ಟು ಕಳಿಸು" ಅಂದಳು. ಭಾವ ಅನ್ನಬೇಕಾದಲ್ಲಿ ಇವ್ರು, ಹೆಂಡತಿ ಗಂಡನಿಗೆ ಅನ್ನುವ ಹಾಗೆ. ಅಮ್ಮ ಸತ್ತ ಮೇಲೆ ಅಕ್ಕನೇ ತಲೆ ಬಾಚಿ, ಓದಿಸಿ, ಸಮುದ್ರದಾಚೆಯ ಕೆಲಸಕ್ಕೆ ಕಳಿಸಿದ ಹುಡುಗಿ ಅವಳು. ಹೋದ ವರ್ಷ ರಜೆಗೆ ಬಂದು ಎರಡು ತಿಂಗಳು ಈ ಮನೆಯಲ್ಲೇ ಇದ್ದಳು. ಈಗ ಗಂಡ, ಆಫೀಸಿನ ಕೆಲಸ ಅಂತ, ಮೊದಲ ಸಲ ಆ ಊರಿಗೆ ಹೊರಟಿದ್ದ. ಅವನು ಸ್ನಾನಕ್ಕೆ ಹೋದಾಗ ಅಕ್ಕ ಅವನ ಫೋನು ತೆಗೆದಳು. ತಂಗಿಯ ಸಂದೇಶಗಳನ್ನು ಓದಿದ ಮೇಲೆ ಉಳಿದಿದ್ದ ಅನುಮಾನವೂ ಹೋಯಿತು.

ಅವಳು ಅಳಲಿಲ್ಲ. ಜಗಳ ತೆಗೆದರೆ ಅವರಿಬ್ಬರೂ ಒಂದಾಗುತ್ತಾರೆ, ಬೀದಿಗೆ ಬೀಳುವವಳು ತಾನೊಬ್ಬಳೇ. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಇಪ್ಪತ್ತು ವರ್ಷ ಸವೆಸಿದ ಕೈಗೆ ತಡವಾಗಿ ಕರಗುವ ಮಾತ್ರೆ ಕಷ್ಟದ್ದಲ್ಲ. ಗಂಡ ದಿನವೂ ನುಂಗುವ ಹೊಟ್ಟೆಯುರಿಯ ಮಾತ್ರೆಯ ಜಾಗದಲ್ಲಿ ಅದೇ ಬಣ್ಣದ ಇನ್ನೊಂದು. ಅವನು ಇಳಿಯಬೇಕು, ಆ ಮನೆ ಸೇರಬೇಕು, ತಂಗಿ ಕೈಯಾರೆ ಬಡಿಸಿದ್ದನ್ನು ಉಣ್ಣಬೇಕು. ಆಮೇಲೆ ಅದು ಕರಗಬೇಕು. ಒಂದೇ ಏಟಿಗೆ ಅವನಿಗೆ ಸಾವು, ಅವಳಿಗೆ ಜೈಲು.

ಪ್ರಯಾಣದ ಹೊತ್ತನ್ನು ಅವಳು ಯಾರನ್ನೂ ಕೇಳಲಿಲ್ಲ. ಟಿಕೆಟ್ ನೋಡಲಿಲ್ಲ, ಫೋನಿನಲ್ಲಿ ಹುಡುಕಲೂ ಇಲ್ಲ. ಹುಡುಕಿದ್ದೆಲ್ಲ ಎಲ್ಲೋ ಉಳಿದಿರುತ್ತದೆ, ನಾಳೆ ಪೊಲೀಸರು ಕೆದಕುತ್ತಾರೆ. ಕೇಳುವ ಅಗತ್ಯವೂ ಇರಲಿಲ್ಲ. ತಂಗಿ ಬಂದಾಗ ವಿಮಾನ ಹೊರಟಿದ್ದು, ಇಳಿದದ್ದು ಎರಡೂ ಅವಳಿಗೆ ನೆನಪಿತ್ತು. ಎರಡು ಊರುಗಳ ಗಡಿಯಾರದ ವ್ಯತ್ಯಾಸ ಕಳೆದು ನೋಡಿದರೆ ಸರಿಯಾಗಿ ಹನ್ನೊಂದು ಗಂಟೆ. ನಿಲ್ದಾಣದಲ್ಲಿ ಕಾಯುವ ಹೊತ್ತನ್ನೂ, ಮನೆ ಸೇರಿ ಉಣ್ಣಲು ಇನ್ನೆರಡು ಗಂಟೆಯನ್ನೂ ಸೇರಿಸಿದಳು.

ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ತಾನೇ ಹೋಗಿ, ಹೊರಡುವ ಮುಂಚೆ ಮಾತ್ರೆ ಕೊಟ್ಟು ನೀರಿನ ಬಾಟಲಿ ಹಿಡಿದಳು. ಅವನು ನುಂಗಿ, "ಅಲ್ಲಿ ನಿನ್ನ ತಂಗಿ ಇದಾಳಲ್ಲ, ನನ್ನ ಚಿಂತೆ ಬಿಡು" ಅಂದ.

"ಬಿಟ್ಟೆ" ಅಂದಳು.

ಸಂಜೆ ಕಳೆದು ಲೆಕ್ಕದ ಹೊತ್ತಿಗೇ ಫೋನು ಬಂತು. ವಿಮಾನ ಕಂಪನಿಯ ಹೆಂಗಸು. "ಮೇಡಂ, ನಿಮ್ಮ ಯಜಮಾನ್ರಿಗೆ ತುಂಬಾ ಹುಷಾರು ತಪ್ಪಿದೆ. ಜೀವಕ್ಕೆ ಅಪಾಯ ಇಲ್ಲ, ಪುಣ್ಯಕ್ಕೆ ಡಾಕ್ಟರೊಬ್ರು ಪಕ್ಕದಲ್ಲೇ ಇದ್ರು. ಅವರು ಏನು ಮಾತ್ರೆ ತಗೋತಾರೆ?" ಜೀವಕ್ಕೆ ಅಪಾಯವಿಲ್ಲ ಅಂದದ್ದು ಎದೆಗೆ ಚುಚ್ಚಿದರೂ ಅವಳು ಮೊದಲೇ ಕಲಿತಿಟ್ಟ ಮಾತು ಬಿಡಲಿಲ್ಲ.

"ಮಾತ್ರೆಯಿಂದ ಹೀಗಾಗಲ್ಲ. ನನ್ನ ತಂಗಿ ಮನೇಲಿ ಊಟ ಮಾಡಿದಾರಲ್ಲ, ಏನು ಹಾಕಿದಳೋ ಅವಳನ್ನೇ ಕೇಳಿ" ಎಂದು ಬಿಕ್ಕಿದಳು. ಅಳು ಕೂಡ ಚೆನ್ನಾಗಿಯೇ ಬಂತು.

"ಯಾವ ಊಟ ಮೇಡಂ? ಅವರಿನ್ನೂ ವಿಮಾನದಲ್ಲೇ ಇದಾರೆ." ಹೊರಟು ಹನ್ನೊಂದು ಗಂಟೆ ಯಾವಾಗಲೋ ಆಯಿತಲ್ಲ ಅಂದಳು ಅಕ್ಕ, ಮೆಲ್ಲಗೆ. "ಅದು ಅಲ್ಲಿಂದ ಇಲ್ಲಿಗೆ ಬರೋವಾಗ" ಅಂದಳು ಹೆಂಗಸು. ಅವಳ ದನಿ ಈಗ ಬೇರೆಯಾಗಿತ್ತು. "ಹೋಗೋವಾಗ ದಾರಿ ಪೂರ್ತಿ ಎದುರುಗಾಳಿ. ದೂರ ಅಷ್ಟೇ, ಆದ್ರೆ ಮೂರು ಗಂಟೆ ಜಾಸ್ತಿ ಹಿಡಿಯುತ್ತೆ."