ಮೂರು ರಾಜ್ಯಗಳ ಒಂದೇ ಒಲೆ

ಇದು ನಮ್ಮ ಸೋದರತ್ತೆ ಸಿದ್ದವ್ವ ಮಜ್ಜಿಗೆ ಕಡೆಯುತ್ತಾ ಹೇಳಿದ ಕತೆ. ಆ ತಾಯಿ ಈಗ ಶಿವನ ಪಾದದಲ್ಲಿದ್ದಾಳೆ.

ಬಹಳ ಹಿಂದೆ, ಚಳಿ ಬಿಡದ ಒಂದು ಸೀಮೆಯಲ್ಲಿ, ಮೂರು ರಾಜ್ಯಗಳ ನಡುವೆ ಒಂದು ಬೆಟ್ಟವಿತ್ತು. ಬೆಟ್ಟದ ಗವಿಯಲ್ಲಿ ಒಂದು ಒಲೆ. ಬೆಂಕಿ ಸಿಗುತ್ತಿದ್ದುದು ಅಲ್ಲೊಂದೇ ಕಡೆ. ಕೆಂಡ ಒಯ್ಯುವವರು ಒಲೆಗೆ ಒಂದು ಕಟ್ಟಿಗೆ ಇಟ್ಟು, ಕೈಮುಗಿದು ಒಯ್ಯುತ್ತಿದ್ದರು.

ಬೂದಿ ತಿಂದು ಬದುಕುವ ಬೂದಿಗಣ್ಣನೆಂಬ ಮಾಯಾವಿ ಮೂರೂ ರಾಜ್ಯಗಳಿಗೆ ಹೋಗಿ, "ಆಚೆಯವರು ಬಾಚಿಕೊಳ್ಳುತ್ತಿದ್ದಾರೆ, ನಿಮಗೇನೂ ಉಳಿಯದು" ಎಂದು ಕಿವಿಯೂದಿದ. ಕಟ್ಟಿಗೆ ಇಡುವುದು ನಿಂತಿತು. ಕುಂಬಾರ ನಿಂಗಾಜ ಬಿಗಿಮುಚ್ಚಳದ ಮಡಕೆ ಮಾಡಿಕೊಟ್ಟ. ಜನ ಕೆಂಡ ತುಂಬಿ ಬಚ್ಚಿಟ್ಟರು. ಉಸಿರುಕಟ್ಟಿ ಕೆಂಡವೆಲ್ಲ ಬೂದಿ. ಬೂದಿಗಣ್ಣ ಕೊಬ್ಬಿದ. ಗವಿಯ ಬೆಂಕಿ ಮಲ್ಲಿಗೆ ಮೊಗ್ಗಿನಷ್ಟಾಯಿತು.

ಆಗಲೇ ನಿಂಗಾಜನ ಹೆಂಡತಿ ಗಿರಿಜವ್ವ ಹೆತ್ತಳು.

"ಏನ್ರೀ, ನಿಮ್ಮ ಮಡಕೆಯಿಂದ ಊರೇ ಬೆಚ್ಚಗಾಗುತ್ತೆ ಅಂದಿರಿ. ಮಗಳ ಅಂಗಾಲು ಮುಟ್ಟಿ ನೋಡಿ."

ಮುಟ್ಟಿದ. ಹಿಮದಂತಿತ್ತು. ಮೂರೂ ದೊರೆಗಳ ಬಳಿಗೆ ಓಡಿದ.

"ಬುದ್ಧೀ, ಒಲೆಗೆ ಒಂದು ಕಟ್ಟಿಗೆ ಕೊಡಿ."

"ಮೊದಲು ಅವರು ಇಡಲಿ" ಎಂದ ಮೊದಲ ರಾಜ್ಯದ ರಾಜ.

"ಮೊದಲು ಅವರು ಇಡಲಿ" ಎಂದಳು ಎರಡನೆಯ ರಾಜ್ಯದ ರಾಣಿ.

"ನಾನೊಬ್ಬನೇ ಪೆದ್ದನೇನಯ್ಯ?" ಎಂದು ನಕ್ಕ ಮೂರನೆಯ ರಾಜ್ಯದ ರಾಜ.

ನಿಂಗಾಜ ಮನೆಗೆ ಬಂದು, ಮಡಕೆ ತಿರುಗಿಸುವ ಮರದ ತಿಗರಿಯನ್ನೇ ಸೀಳಿ ಹೊತ್ತ. ಗವಿಯ ಬಾಗಿಲಲ್ಲಿ ಮೂರು ರಾಜ್ಯಗಳ ಕಾವಲುಗಾರರು ಒಬ್ಬರನ್ನೊಬ್ಬರು ದಿಟ್ಟಿಸುತ್ತಾ ನಡುಗುತ್ತಿದ್ದರು. ನಿಂಗಾಜ ತಿಗರಿಯ ಚೂರುಗಳನ್ನು ಒಲೆಗಿಟ್ಟ. ಬೆಂಕಿ ಮುಷ್ಟಿಯಷ್ಟಾಯಿತು.

"ಭೇಷ್! ಒಂದು ಮನೆಗೆ ಸಾಕು. ಮಡಕೆಗೆ ತುಂಬಿಕೊಂಡು ನಡಿ" ಎಂದ ಬೂದಿಗಣ್ಣ, ಕತ್ತಲಿಂದ.

ನಿಂಗಾಜನ ಕೈ ಮುಂದೆ ಹೋಯಿತು. ಮತ್ತೆ ಹಿಂದೆ ಬಂತು.

"ಇವತ್ತು ಒಯ್ದರೆ ನಾಳೆ ಮಗಳಿಗೇನು?"

ಉರಿವ ಬೆಂಕಿಯನ್ನು ಮಾಯಾವಿ ಮುಟ್ಟಲಾರ. ಅದನ್ನು ಅಲ್ಲೇ ಉರಿಯಲು ಬಿಟ್ಟು ನಿಂಗಾಜ ಮನೆಗೆ ಹೋಗಿ ಬಾಣಂತಿಯನ್ನೂ ಕೂಸನ್ನೂ ಕಂಬಳಿಯಲ್ಲಿ ಸುತ್ತಿ ಒಲೆಯ ಬಳಿಗೇ ಕರೆತಂದ. ಕೂಸು ಪುಟ್ಟದೊಂದು ಸೀನು ಸೀನಿತು.

"ಸ್ವಲ್ಪ ಸರಿಯವ್ವ" ಎಂದು ಒಬ್ಬ ಮುದಿ ಕಾವಲುಗಾರ ತನ್ನ ದೊಣ್ಣೆಯನ್ನು ಒಲೆಗಿಟ್ಟ.

"ನಿಮ್ಮ ದೊರೆ ಬೈಯಲ್ವೇನಣ್ಣ?" ಎಂದಳು ಗಿರಿಜವ್ವ.

"ಬೈದರೆ ಬೈಯಲಿ. ಈ ಚಳಿಗಿಂತ ಮೇಲು."

"ಪುಣ್ಯವೆಲ್ಲ ಇವನೊಬ್ಬನಿಗೇನು!" ಎಂದು ಎರಡನೆಯವನು ಭರ್ಜಿಯ ಕೋಲು ಮುರಿದಿಟ್ಟ. ಮೂರನೆಯವನು ತಾನು ಕೂತಿದ್ದ ಮಣೆಯನ್ನೇ ತಂದು ಒಲೆಗಿಟ್ಟ.

ಬೆಂಕಿ ಭಗ್ಗೆಂದು ಗವಿಯ ಚಾವಣಿ ಮುಟ್ಟಿತು. ಬಿಸಿಗಾಳಿ ಬೀಸಿತು. ಬೂದಿಗಣ್ಣ ಬೂದಿಯಾಗಿ ಹಾರಿ ಮೂರು ರಾಜ್ಯಗಳ ಹೊಲಕ್ಕೂ ಗೊಬ್ಬರವಾದ.

ಬೆಳಕು ಕಂಡ ದೊರೆಗಳು ತಲೆತಗ್ಗಿಸಿ, ತಾವೇ ಕಟ್ಟಿಗೆ ಹೊತ್ತು ಬಂದರು. ಎಲ್ಲರೂ ಸುಖವಾಗಿ ಬಾಳಿದರು. ಅಂದು ಗಿರಿಜವ್ವ ಮಗಳ ಅಂಗಾಲನ್ನು ಕೆನ್ನೆಗೊತ್ತಿಕೊಂಡಳು. ಬೆಚ್ಚಗಿತ್ತು.

ಈ ಕತೆಯನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಪಕ್ಕದ ಮನೆಯ ಮಗುವಿಗೂ ಹೇಳಿ.