ಬಿಚ್ಚದೆ ಉಳಿದ ಗಂಟು

ಇನ್ನೂ ದೊರೆಯನ್ನು ಸಿಂಹಾಸನದ ಮೇಲೆ ಕೂರಿಸಿಲ್ಲ, ಆಗಲೇ ಮತ್ತೆ ನಡುವೆ ಬಾಯಿ ಹಾಕಿದೆಯಲ್ಲ! ಕತೆ ಕೇಳುವುದಾದರೆ ಕೇಳು ಮಗು, ಇಲ್ಲದಿದ್ದರೆ ನನಗೆ ತೊಳೆಯುವ ಪಾತ್ರೆ ಇವೆ.

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಬೋಳುಗುಡ್ಡ ಎಂಬ ರಾಜ್ಯವಿತ್ತು. ಅಲ್ಲಿ ಕುರಿಗಳಿದ್ದವು, ತೋಳಗಳೂ ಇದ್ದವು. ಕುರಿಯೊಂದು ಕಾಡಿನಲ್ಲಿ ತಪ್ಪಿಸಿಕೊಂಡರೆ ಕುರುಬರು ಮಂತ್ರ ಹೇಳಿ ಉಣ್ಣೆದಾರಕ್ಕೆ ಗಂಟು ಹಾಕುತ್ತಿದ್ದರು. ತೋಳದ ಬಾಯಿ ಕಟ್ಟಿಹೋಗುತ್ತಿತ್ತು. ಕುರಿ ಸಿಕ್ಕ ಕೂಡಲೇ ಗಂಟು ಬಿಚ್ಚಬೇಕು. “ತೋಳಕ್ಕೂ ಹೊಟ್ಟೆಯಿದೆ” ಎನ್ನುತ್ತಿದ್ದರು ಹಿರಿಯರು.

ಒಂದು ವರ್ಷ ತೋಳಗಳು ನಲವತ್ತು ಕುರಿ ಒಯ್ದವು. ಊರಿನ ಮುದುಕಿ ಕರಿಯವ್ವಜ್ಜಿಯ ಮೊಮ್ಮಗನನ್ನೂ ಒಯ್ದವು.

ಆಗ ಒಬ್ಬ ಮಾಯಾವಿ ಬಂದ. “ಮನೆಗೊಂದು ಗಂಟು ಹಾಕಿ ಈ ಹಗ್ಗಕ್ಕೆ ಸೇರಿಸಿ. ಯಾವತ್ತೂ ಬಿಚ್ಚಬೇಡಿ. ನನಗೇನೂ ಬೇಡ” ಎಂದ. ಏನೂ ಬೇಡ ಎನ್ನುವವನನ್ನು ನಂಬಬಾರದು. ಬಾಯಿಲ್ಲದ ಜನರನ್ನು ಆಳುವುದು ಅವನ ಆಸೆ. ಜನ ನಂಬಿದರು, ದೊರೆಯೂ ನಂಬಿದ. ಮೊದಲ ಗಂಟು ಹಾಕಿದವನು ಮಾಳಿಂಗ ಎಂಬ ಕುರುಬ.

ಮೊದಲ ಬೆಳಿಗ್ಗೆ ತೋಳಗಳ ಬಾಯಿ ಕಟ್ಟಿತು. ಊರು ಕುಣಿಯಿತು. ಎರಡನೆಯ ಬೆಳಿಗ್ಗೆ ನಾಯಿಗಳ ಬಾಯಿ ಕಟ್ಟಿತು. ಮೂರನೆಯ ಬೆಳಿಗ್ಗೆ ಹಾಲು ಕುಡಿಯುವ ಮರಿಗಳ ಬಾಯಿ ಕಟ್ಟಿತು. ಮಾಳಿಂಗನ ಆರು ತಿಂಗಳ ಮಗಳೂ ತುಟಿ ತೆರೆಯಲಿಲ್ಲ.

ಮಾಳಿಂಗ ಅರಮನೆ ಬಾಗಿಲಿಗೆ ಕಟ್ಟಿದ್ದ ಆ ಹಗ್ಗದ ಹತ್ತಿರ ಓಡಿದ. ಹಗ್ಗವೇ ಮಾತಾಡಿತು: “ಹಾಕಿದ ಕೈಯೇ ಬಿಚ್ಚಬೇಕು. ಒಂದು ಗಂಟು ಉಳಿದರೂ ನಾಳೆ ಎಲ್ಲರ ಬಾಯಿ ನನ್ನದು.”

ಕುರುಬರೆಲ್ಲ ಬಂದು ಬಿಚ್ಚಿದರು. ಮೂರು ಗಂಟು ಉಳಿದವು.

ಒಂದು ಮಂತ್ರಿಯ ಹೆಂಡತಿಯದು. “ಅಯ್ಯೋ, ಬಿಚ್ಚುವುದೇ? ತೋಳದ ಹಲ್ಲು ಮೊಳದುದ್ದ!”

“ನೀವು ನೋಡಿದ್ದೀರಾ, ತಾಯೀ?”

“ಗೋಡೆಯ ಚಿತ್ರದಲ್ಲಿ.”

ಮಾಳಿಂಗ ಮಗಳನ್ನು ತೋರಿಸಿದ. ಮಂತ್ರಿಯ ಹೆಂಡತಿ ಚಿತ್ರ ಮರೆತು ಗಂಟು ಬಿಚ್ಚಿದಳು.

ಎರಡನೆಯದು ದೊರೆಯದು. “ಗಂಟು ಹಾಕಿದ್ದಕ್ಕೆ ಪ್ರಜೆಗಳು ಜೈ ಎಂದರು. ಬಿಚ್ಚಿದರೆ ಏನೆನ್ನುತ್ತಾರೋ?”

“ಜೈ ಎನ್ನುವುದಕ್ಕೂ ಬಾಯಿ ಬೇಕಲ್ಲ, ಪ್ರಭೂ.”

ದೊರೆ ತನ್ನ ಬಾಯಿ ಮುಟ್ಟಿ ನೋಡಿಕೊಂಡ. ಬಿಚ್ಚಿದ.

ಮೂರನೆಯದು ಕರಿಯವ್ವಜ್ಜಿಯದು.

“ನಿನ್ನ ಕೂಸು ಹಾಲು ಕುಡಿಯಲಿ ಅಂತ, ನನ್ನ ಕೂಸನ್ನು ತಿಂದ ಬಾಯಿ ನಾನು ಬಿಚ್ಚಬೇಕೇನೋ ಮಾಳಿಂಗಾ?”

ಮಾಳಿಂಗ ಮಗಳನ್ನು ಅಜ್ಜಿಯ ಮಡಿಲಲ್ಲಿ ಮಲಗಿಸಿದ. ಕೂಸು ಮುಚ್ಚಿದ ತುಟಿಯಿಂದಲೇ ಅವಳ ಸೆರಗನ್ನು ತಡಕಿತು. ಅಜ್ಜಿ ಅದರ ತುಟಿ ಸವರಿದಳು. ಆಮೇಲೆ ಎದ್ದು ಹೋಗಿ ಗಂಟನ್ನು ಬಿಚ್ಚಿದಳು.

ಹಗ್ಗ ಹಾರಿ ಮಾಯಾವಿಯ ಬಾಯಿಗೇ ಸುತ್ತಿಕೊಂಡಿತು. ಅವನು ಕಲ್ಲಾದ. ಮರಿಗಳು ಹಾಲು ಕುಡಿದವು, ನಾಯಿಗಳು ಬೊಗಳಿದವು, ಗುಡ್ಡದಲ್ಲಿ ತೋಳ ಊಳಿಟ್ಟಿತು. ದೊರೆ ಹಟ್ಟಿ ಹಟ್ಟಿಗೂ ಎದೆಯೆತ್ತರ ಮುಳ್ಳುಬೇಲಿ ಹಾಕಿಸಿದ. ತೋಳ ಕುರಿ ತಿಂದರೆ ಅರಮನೆಯ ಮಂದೆಯಿಂದ ಇನ್ನೊಂದು ಕುರಿ. ಮಕ್ಕಳು ಬೇಲಿಯ ಒಳಗೇ ಮಲಗಿದರು. ಬೋಳುಗುಡ್ಡದಲ್ಲಿ ಎಲ್ಲರೂ ಸುಖವಾಗಿದ್ದರು. ಮುಗಿಯಿತು, ಏಳು.

ಮತ್ತೇನು? ಸರಿ, ಕೇಳು.

“ಆ ಅಜ್ಜಿನೂ ಸುಖವಾಗಿದ್ದಳಾ, ಅಮ್ಮಾ?”