ಕತ್ತರಿಸಿದ ಬಾಗಿಲು

"ಬಾಗಿಲು ಮುರೀತು..."

ತರಗತಿಯೊಳಗೆ ಕಾಲಿಡುತ್ತಿದ್ದಂತೆ, ಅಲ್ಲಿ ಪಾಠ ಹೇಳುವ ಅವಳ ಕಿವಿಗೆ ಬಿದ್ದ ಮಾತು ಅದು. ಹೇಳಿದವಳು ಬುಗುರಿ. ಕೂತಲ್ಲಿ ಕೂರದ ಒಂಬತ್ತು ವರ್ಷದ ಹುಡುಗಿಗೆ ಎಲ್ಲರೂ ಇಟ್ಟ ಹೆಸರು. ಬುಗುರಿಯ ಎದುರು, ಮಕ್ಕಳ ಪುಟ್ಟ ಕುರ್ಚಿಯಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಒಬ್ಬ ಗಂಡಸು ಕುಳಿತಿದ್ದ. ಕೈಯಲ್ಲಿ ಕತ್ತರಿ. ಮೇಜಿನ ಮೇಲೆ 'ಬಾಗಿಲು' ಎಂಬ ಕಾರ್ಡು ಮೂರು ತುಂಡಾಗಿ ಬಿದ್ದಿತ್ತು. ಬಾ. ಗಿ. ಲು.

"ಯಾರ್ರೀ ನೀವು? ಅದು ನಾನು ಬರೆದ ಕಾರ್ಡು."

"ಬುಧವಾರದ ಮೇಷ್ಟ್ರು," ಎಂದ ಅವನು, ಕತ್ತರಿ ಕೆಳಗಿಡದೆ. "ನೀವು ಶನಿವಾರದ ಪಾರ್ಸೆಲ್ ಮೇಡಂ ಇರ್ಬೇಕು. ಇವತ್ತೇನು, ದಾರಿ ತಪ್ಪಿ ಬಂದ್ರಾ?"

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಓದು ಕಲಿಸುವ ಸಣ್ಣ ಕೇಂದ್ರ ಅದು. ಕಲಿಸುವವರಿಗೆ ಸಂಬಳವಿಲ್ಲ. ಅವಳ ಹೊಟ್ಟೆಪಾಡು ಕೊರಿಯರ್ ಕಚೇರಿಯಲ್ಲಿ ಪಾರ್ಸೆಲ್ ವಿಂಗಡಿಸುವುದು. ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದುತ್ತ ಕೂತರೆ ಲಾರಿ ಹೊರಟೇ ಹೋಗುತ್ತದೆ. ಆದ್ದರಿಂದ ಪದವನ್ನು ಇಡಿಯಾಗಿ ಗುರುತು ಹಿಡಿಯುವುದೇ ಓದು ಎಂಬುದು ಅವಳ ನಂಬಿಕೆ. ಅವನು ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಒಂದೊಂದೇ ಅಕ್ಷರ ತಿದ್ದಿ ಪದ ಕಟ್ಟುವವನು.

"ಅಕ್ಷರ ಬರದೆ ಪದ ಹೇಗ್ರೀ ಬರುತ್ತೆ?" ಎಂದು ಕೇಳಿದ.

"ನಿಮ್ಮಮ್ಮನ ಮುಖ ಗುರುತು ಹಿಡಿಯೋಕೆ ಮೊದಲು ಮೂಗು, ಆಮೇಲೆ ಕಿವಿ ಅಂತ ಕಲಿತ್ರಾ ನೀವು?"

ಅವನು ಕತ್ತರಿ ಕೆಳಗಿಟ್ಟ. ಅದು ಅವಳಿಗೆ ಹಿಡಿಸಿತು. ಇಡುತ್ತ ನಕ್ಕನಲ್ಲ, ಅದು ಹಿಡಿಸಲಿಲ್ಲ. ಆದರೆ ಮನೆ ಮುಟ್ಟುವವರೆಗೂ ಅವಳು ನೆನೆಸಿಕೊಂಡದ್ದು ಆ ನಗುವನ್ನೇ.

ಕೇಂದ್ರದ ದೊಡ್ಡ ಮೇಡಂ ಇಬ್ಬರನ್ನೂ ಕರೆಸಿದರು.

"ಎತ್ತು ಏರಿಗೆ, ಕೋಣ ನೀರಿಗೆ ಅಂತ ಎಳೆದ್ರೆ ಮಧ್ಯದಲ್ಲಿ ಮಗು ಗತಿಯೇನು? ಇನ್ಮೇಲೆ ಇಬ್ರೂ ಶನಿವಾರವೇ ಬನ್ನಿ. ಒಟ್ಟಿಗೆ ಕೂತು ಕಲ್ಸಿ."

"ಇದ್ರಲ್ಲಿ ಕೋಣ ಯಾರು ಮೇಡಂ?" ಎಂದ ಪೇಂಟರ್.

ಅವಳು ಮುಖ ತಿರುಗಿಸಿಕೊಂಡಳು, ನಗು ಕಾಣಬಾರದೆಂದು.

ಹೀಗೆ ಒಟ್ಟಿಗೆ ಕೂರುವುದು ಶುರುವಾಯಿತು. ಕಲಿಸುವ ಕ್ರಮ ಅವಳದೇ. ಕಾರ್ಡುಗಳನ್ನು ಹರಡಬೇಕು. 'ಹಾಲು ಎಲ್ಲಿ?' ಎಂದು ಕೇಳಬೇಕು. ಬುಗುರಿಯ ಕೈ ಬೇರೆ ಕಾರ್ಡಿನತ್ತ ಹೋದರೆ 'ತಪ್ಪು' ಎನ್ನುವಂತಿಲ್ಲ, ಮೆಲ್ಲಗೆ ಕೈ ಹಿಡಿದು ಸರಿಯಾದ ಕಡೆಗೆ ಒಯ್ಯಬೇಕು. ಅವನು ಅಕ್ಷರದ ಹಟ ಬದಿಗಿಟ್ಟು ಅದನ್ನೆಲ್ಲ ಕಲಿತ.

ಆ ಮಕ್ಕಳ ಉತ್ತರ ತಡವಾಗಿ ಬರುತ್ತದೆ. ಕಾಯುವುದು ದೊಡ್ಡವರಿಗೆ ಕಷ್ಟ, ಬಾಯಿ ತುರಿಸುತ್ತದೆ. ಅವನು ಮಾತ್ರ ಕುಂಚ ಹಿಡಿದ ಕೈಯಷ್ಟೇ ಸ್ಥಿರವಾಗಿ ಕಾಯುತ್ತಿದ್ದ. ಅವಳಿಗೆ ಅವನ ಮೇಲೆ ಮನಸ್ಸಾದದ್ದು ಅಲ್ಲಿ. ಮನೆಯಲ್ಲಿ ಅವಳ ಮಾತು ಮುಗಿಯುವ ಮುಂಚೆ ಅಣ್ಣನ ಉತ್ತರ ಸಿದ್ಧವಿರುತ್ತಿತ್ತು.

'ನನಗೋಸ್ಕರ ಹೀಗೆ ಯಾರು ಕಾದಿದಾರೆ...' ಅಂದುಕೊಂಡಳು.

ತೊಡಕಾದದ್ದು ಆ 'ಬಾಗಿಲು'. ಕತ್ತರಿಸಿದ್ದರ ಬದಲು ಅವಳು ಹೊಸ ಕಾರ್ಡು ಬರೆದಿದ್ದಳು. ಉಳಿದ ಪದಗಳನ್ನೆಲ್ಲ ಪಟಪಟನೆ ಎತ್ತಿಕೊಡುತ್ತಿದ್ದ ಬುಗುರಿ, ಇದೊಂದನ್ನು ಮಾತ್ರ ಕಂಡೇ ಇಲ್ಲದವಳ ಹಾಗೆ ನೋಡುತ್ತಿದ್ದಳು. ವಾರಗಳು ಉರುಳಿದರೂ ಅದೇ ಕತೆ.

ಒಂದು ಶನಿವಾರ ಬುಗುರಿಯ ತಾಯಿ ಮಗಳನ್ನು ಕರೆದೊಯ್ಯಲು ಬಂದರು. ಆಸ್ಪತ್ರೆಯಲ್ಲಿ ನರ್ಸ್, ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ಬಾಗಿಲ ಬಳಿ ನಿಂತು ಎಲ್ಲ ನೋಡಿದರು.

"ನಂಗೆ ದೊಡ್ಡ ಆಸೆ ಏನಿಲ್ಲ ಮೇಡಂ. ನಾನು ಜೊತೇಲಿ ಇಲ್ದಿದ್ದಾಗ ಬೀದೀಲಿರೋ ಬೋರ್ಡು ಓದ್ಕೊಂಡ್ರೆ ಸಾಕು. ಮುಂಚೆ ಬರ್ತಿದ್ದ ಪದ ಈಗ್ಯಾಕೆ ಬರ್ತಿಲ್ಲ? ಹಿಂದಕ್ಕೆ ಹೋಗ್ತಿದಾಳಾ?"

ಆ ದನಿಯಲ್ಲಿದ್ದ ಹೆದರಿಕೆ ಅವಳಿಗೂ ಅಂಟಿತು. ಯೋಚಿಸುವ ಮೊದಲೇ ಮಾತು ಬಾಯಿಂದ ಬಿತ್ತು.

"ಅವಳ ತಪ್ಪಲ್ಲ. ಕಾರ್ಡು ಕತ್ತರಿಸಿ ಅವಳ ತಲೆ ಕೆಡಿಸಿದ್ದು ಇವರು."

ಅವನು ಅವಳನ್ನು ನೋಡಲಿಲ್ಲ. ಬುಗುರಿಯನ್ನು ನೋಡಿದ.

"ಹೌದಮ್ಮ, ಕತ್ತರಿಸಿದ್ದು ನಾನೇ," ಎಂದ ನರ್ಸ್‌ಗೆ. "ಇನ್ನಷ್ಟು ಕೆಡಿಸೋದು ಬೇಡ."

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

'ಒಂದು ಮಾತಿಗೇ ಇಷ್ಟು ಸಿಟ್ಟಾ?' ಎಂದು ಅವಳು ಮೊದಲು ಬೈದುಕೊಂಡಳು. ಆಮೇಲೆ ಬೈಯುವುದಕ್ಕೂ ಮನಸ್ಸು ಬರಲಿಲ್ಲ. ಕಚೇರಿಯಲ್ಲಿ ಪಾರ್ಸೆಲ್‌ಗಳು ತಪ್ಪು ಚೀಲಕ್ಕೆ ಬೀಳತೊಡಗಿದವು.

ಒಂದು ದಿನ 'ಹಾಲು' ಕಾರ್ಡು ನೆಲ ಒರೆಸುವ ಬಕೆಟ್ಟಿಗೆ ಬಿದ್ದು ಹಾಳಾಯಿತು. ಅದೇ ಪೆನ್ನಿನಲ್ಲಿ, ಅದೇ ಅಳತೆಯಲ್ಲಿ ಅವಳು ಇನ್ನೊಂದು ಬರೆದಳು.

"ಹಾಲು ಎಲ್ಲಿ ಬುಗುರಿ?"

ಬುಗುರಿ ಎಲ್ಲ ಕಾರ್ಡುಗಳನ್ನೂ ತಿರುವಿ ಹಾಕಿದಳು. ಹೊಸದನ್ನು ಎತ್ತಿ ನೋಡಿ ಪಕ್ಕಕ್ಕಿಟ್ಟಳು.

"ಇದಕ್ಕೆ ಮಚ್ಚೆ ಇಲ್ಲ ಅಕ್ಕ."

ಮಚ್ಚೆ... ಹಳೆಯ ಕಾರ್ಡಿನ ಅಂಚಿನಲ್ಲಿ ಒಂದು ಚಹಾ ಕಲೆ ಇತ್ತು. ಅವಳು ಉಳಿದ ಕಾರ್ಡುಗಳನ್ನು ನೋಡಿದಳು. 'ಚಪ್ಪಲಿ'ಗೆ ಮಡಿಚಿದ ಮೂಲೆ. 'ಬಸ್ಸು' ಮೇಲೆ ನೀಲಿ ಶಾಯಿಯ ಗೀರು. ಎಲ್ಲವನ್ನೂ ಹೊಸದಾಗಿ ಬರೆದು ಹರಡಿದಳು. ಬುಗುರಿಗೆ ಒಂದೂ ಬರಲಿಲ್ಲ.

ಹುಡುಗಿ ಪದ ಓದುತ್ತಲೇ ಇರಲಿಲ್ಲ, ಕಲೆ ಓದುತ್ತಿದ್ದಳು. ಹೊಸ 'ಬಾಗಿಲು' ಬಾರದಿದ್ದುದಕ್ಕೆ ಕತ್ತರಿ ಕಾರಣವೇ ಅಲ್ಲ, ಅದರ ಮೇಲೆ ಹಳೆಯ ಗುರುತು ಇರಲಿಲ್ಲ ಅಷ್ಟೆ. ಅವನದೇನೂ ತಪ್ಪಿರಲಿಲ್ಲ.

ಸಂಜೆ ನರ್ಸ್ ಬಂದಾಗ ಇದ್ದುದನ್ನು ಇದ್ದ ಹಾಗೆ ಹೇಳಿದಳು. "ಅವಳು ಹಿಂದಕ್ಕೆ ಹೋಗಿಲ್ಲ. ನಾನು ಕಲಿಸಿದ್ದೇ ಸರಿ ಇರ್ಲಿಲ್ಲ."

ನರ್ಸ್ ಮಗಳ ಚೀಲ ಹೆಗಲಿಗೇರಿಸುತ್ತ ಕೇಳಿದರು, "ಅವರಿಗೆ ಹೇಳಿದ್ರಾ?"

ಪೇಂಟರನ ಅಂಗಡಿಯ ತುಂಬ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ. ಗೋಡೆಗೆ ಒರಗಿಸಿದ ತಗಡಿನ ಮೇಲೆ ಅರ್ಧ ಬರೆದ ಕ್ಷೌರದಂಗಡಿಯ ಹೆಸರು. ಅವಳನ್ನು ಕಂಡು ಅವನು ಎದ್ದು ನಿಂತ.

"ಬೋರ್ಡು ಬೇಕಿತ್ತಾ?"

"ಇಲ್ಲ. ಕ್ಷಮೆ ಕೇಳ್ಬೇಕಿತ್ತು."

ಮಚ್ಚೆಯ ಕತೆ ಹೇಳುತ್ತ ಅವಳು ಎರಡು ಸಲ ತಡವರಿಸಿದಳು. ಅವನು ನಡುವೆ ಬಾಯಿ ಹಾಕಲಿಲ್ಲ.

"ಅಂದ್ರೆ ಬುಗುರಿ ನಮ್ಮಿಬ್ರಿಗೂ ಚಳ್ಳೆಹಣ್ಣು ತಿನ್ನಿಸಿದ್ಲು," ಎಂದ ಕೊನೆಗೆ.

"ನಿಮಗೆ ಕೋಪ ಇಲ್ವಾ?"

"ಕೋಪ ಅಲ್ಲ. ನಿಮ್ಮ ಕಣ್ಣಿಗೆ ನಾನು ಮಗು ಓದು ಕೆಡಿಸಿದೋನು ಅನ್ನಿಸ್ತಲ್ಲ... ಅದನ್ನ ತಡ್ಕೊಂಡು ಆ ಕುರ್ಚೀಲಿ ಕೂರೋಕೆ ಆಗ್ಲಿಲ್ಲ."

ಅವಳ ಕಣ್ಣು ತುಂಬಿ ಬಂತು. ತಗಡಿನ ಕಡೆ ನೋಡುತ್ತ ಹೇಳಿದಳು, "ಒಂದೇ ಪದಾನ ನೂರೆಂಟು ಥರ ಬರೆಯೋರು ಬೇಕು. ದಪ್ಪ, ಸಣ್ಣ, ಕೆಂಪು, ಹಸಿರು... ಕಲೆ ನೋಡೋದು ಬಿಟ್ಟು ಪದ ನೋಡ್ಬೇಕು ಅವಳು. ನನ್ನ ಕೈಗೆ ಬರೋದು ಒಂದೇ ಥರ. ಪದ ಬಂದ್ಮೇಲೆ ಅಕ್ಷರ ಬಿಡಿಸಿ ಕಲಿಸೋಣ. ಕತ್ತರಿ ನಾನೇ ಕೊಡ್ತೀನಿ."

ಅವನು ಬಂದ. ಕೇಂದ್ರದ ಗೋಡೆ, ಕಪಾಟು, ಹಲಗೆ, ಒಂದನ್ನೂ ಬಿಡದೆ ಬರೆದ. ದೊಡ್ಡ ಮೇಡಂ ತಮ್ಮ ಕುರ್ಚಿಯನ್ನಾದರೂ ಬಿಡಿ ಎಂದು ಬೇಡಿಕೊಂಡರು. ಬುಗುರಿ ತಿಂಗಳುಗಟ್ಟಲೆ ನೋಡಿದಳು, ಎಡವಿದಳು, ಮತ್ತೆ ನೋಡಿದಳು.

ಒಂದು ಶನಿವಾರ ಪಾಠ ಮುಗಿಸಿ ನಾಲ್ವರೂ ಬೀದಿಯಲ್ಲಿ ನಡೆದು ಬರುತ್ತಿದ್ದರು. ಅಮ್ಮನ ಕೈ ಹಿಡಿದಿದ್ದ ಬುಗುರಿ ಒಂದು ಗೂಡಂಗಡಿಯ ಮುಂದೆ ನಿಂತುಬಿಟ್ಟಳು. ಬಿಸಿಲಿಗೆ ಬಣ್ಣ ಮಾಸಿದ ಬೋರ್ಡು. ಅವಳು ತಲೆಯೆತ್ತಿ ನೋಡಿದಳು. ಮೂವರೂ ಕಾದರು.

"ಹಾಲು," ಎಂದಳು ಬುಗುರಿ. "ಅಮ್ಮ, ಹಾಲು."

ನರ್ಸ್ ರಸ್ತೆಯೆಂಬುದನ್ನೂ ಮರೆತು ಮಗಳನ್ನು ತಬ್ಬಿಕೊಂಡು ಅತ್ತರು.

"ಅದು ನೀವು ಬರೆದಿದ್ದಾ?" ಎಂದು ಅವಳು ಪೇಂಟರನ ಕಿವಿಯಲ್ಲಿ ಪಿಸುಗುಟ್ಟಿದಳು.

"ಛೆ, ಅಷ್ಟು ಸೊಟ್ಟಗೆ ನಾನು ಬರೀತೀನಾ?"

ಹಾಗಾದರೆ ಯಾರದೋ ಕೈಬರಹವನ್ನು ಹುಡುಗಿ ತಾನಾಗಿ ಓದಿದ್ದಳು. ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ತಾಯಿ ಮಗಳು ಹಾಲು ಕೊಳ್ಳಲು ಮುಂದೆ ಹೋದರು. ಅವನು ಅಲ್ಲೇ ನಿಂತಿದ್ದ.

"ಶನಿವಾರ ಬಿಟ್ಟು ಬೇರೆ ದಿನ ಬಿಡುವಿರುತ್ತಾ ನಿಮಗೆ?"

"ಯಾರಿಗೆ ಕಲಿಸೋಕೆ?"

"ಯಾರಿಗೂ ಅಲ್ಲ. ನಿಮ್ಮ ಜೊತೆ ಇರೋಕೆ. ನೀವಂದ್ರೆ ನಂಗಿಷ್ಟ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಎಂದಳು. "ನನಗೆ ಎಲ್ಲ ದಿನಾನೂ ಬಿಡುವೇ... ನಿಮಗಾದ್ರೆ."